ಗಂಟು ಬಿಚ್ಚಿದ ಹೂದೋಟ

"ಜಗದೇವಪ್ಪ ತನ್ನ ಜಾಗಾ ತಾನೇ ಗುರ್ತು ಮಾಡಿ ಇಟ್ಟಾನ."

ಬಾವಿಯ ತೋಟದಿಂದ ಹಿಂದಿರುಗಿದ ಮಠದ ಅಯ್ಯನವರು ಪಡಸಾಲೆಯ ಹೊಸ್ತಿಲಲ್ಲಿ ನಿಂತು ಈ ಮಾತು ಹೇಳಿದಾಗ ಭಜನೆಯ ತಾಳ ನಿಂತುಹೋಯಿತು. ಗೋಡೆಗೆ ಒರಗಿಸಿ ಕೂರಿಸಿದ್ದ ಜಗದೇವಪ್ಪನ ಹಣೆಯ ಮೇಲಿನ ವಿಭೂತಿ ಇನ್ನೂ ಪೂರ್ತಿ ಒಣಗಿರಲಿಲ್ಲ. ಹೆಂಗಸರು ಅಳುವುದನ್ನು ಅರ್ಧಕ್ಕೇ ಬಿಟ್ಟು ಬಾಯಿಗೆ ಸೆರಗು ಒತ್ತಿಕೊಂಡರು. ಸಾಯುವ ಮೊದಲೇ ತನ್ನ ಗದ್ದುಗೆಯ, ಎಂದರೆ ಸಮಾಧಿಯ, ಜಾಗವನ್ನು ಅರಿತು ಗುರುತಿಡುವುದು ಶರಣರಿಗೆ ಮಾತ್ರ ಆಗುವ ಕೆಲಸ. ನಿನ್ನೆಯವರೆಗೆ ನಿಂಬರ್ಗಾದವರು ಯಾರನ್ನು 'ಹುಲ್ಲಿಗೆ ನೀರು ಹಾಕುವ ಜಗದೇವ' ಎಂದು ಆಡಿಕೊಂಡು ನಗುತ್ತಿದ್ದರೋ, ಅವನು ಒಂದೇ ಗಳಿಗೆಯಲ್ಲಿ ಶರಣನಾಗಿಬಿಟ್ಟ. ಬದುಕಿದ್ದಾಗ ಇಷ್ಟು ಮರ್ಯಾದೆ ಸಿಕ್ಕಿದ್ದರೆ ಪಾಪ, ಗಾಬರಿಯಾಗಿ ತೋಟಕ್ಕೆ ಓಡಿಹೋಗುತ್ತಿದ್ದ.

ಅಯ್ಯನವರು ಬಿಡಿಸಿ ಹೇಳಿದರು. ಬಾವಿಯ ಮೂಡಲ ಮಗ್ಗುಲಲ್ಲಿ ಒಂದು ಮಡಿ. ಅದರ ತುಂಬ ಸಾಲಾಗಿ ತೊಗರಿ ಕಡ್ಡಿಗಳು ನೆಟ್ಟಿವೆ. ಕಡ್ಡಿ ಕಡ್ಡಿಗೂ ಬಣ್ಣದ ನೂಲು ಸುತ್ತಿ ಗಂಟು ಹಾಕಿದೆ. ಸತ್ತವನ ಪಾದವನ್ನು ಜೋಳದ ದಂಟಿನಿಂದ ಅಳೆದುಕೊಂಡು ಹೋಗಿದ್ದರಲ್ಲ, ಆ ದಂಟಿನಿಂದ ಮಡಿಯನ್ನು ಅಳೆದರೆ ಉದ್ದಕ್ಕೆ ಒಂಬತ್ತು ಪಾದ, ಅಗಲಕ್ಕೆ ಐದು ಪಾದ. ಸತ್ತವನನ್ನು ಕೂರಿಸುವ ಕುಣಿಗೆ ಶಾಸ್ತ್ರ ಹೇಳುವುದೂ ಅದೇ ಅಳತೆ. ಹೆಚ್ಚಿಲ್ಲ, ಕಡಿಮೆಯಿಲ್ಲ. ಇದಕ್ಕಿಂತ ಬೇರೆ ಸಾಕ್ಷಿ ಬೇಕೇ? ಅಯ್ಯನವರು ಅಲ್ಲಿಯೇ ಪತ್ರಿ ಏರಿಸಿ, ಮೊದಲ ಹೆಂಟೆಯನ್ನು ತಮ್ಮ ಕೈಯಾರೆ ಎತ್ತಿ ಬಂದಿದ್ದರು. ಆಳು ಹುಲೆಪ್ಪ ಸಲಿಕೆ ಹಿಡಿದು ಅಲ್ಲಿ ಕಾಯುತ್ತಿದ್ದ.

ನಡುಮನೆಯ ಬಾಗಿಲಲ್ಲಿ ನಿಂತಿದ್ದ ಸೊಸೆ ಸಕ್ಕುಬಾಯಿಯ ಕೈಯಲ್ಲಿದ್ದ ತಂಬಿಗೆ ಓರೆಯಾಗಿ ನೀರು ಅವಳ ಕಾಲ ಮೇಲೆಯೇ ಸುರಿಯಿತು. ಅವಳಿಗೆ ಅದರ ಅರಿವೂ ಆಗಲಿಲ್ಲ. ಆ ಮಡಿಯಲ್ಲಿದ್ದವು ಮೂವತ್ತೆರಡು ಸಸಿ. ಮಾವ ಬೀಜದಿಂದ ಎಬ್ಬಿಸಿ, ಎರಡು ವರ್ಷ ಕಣ್ಣಲ್ಲಿ ಕಣ್ಣಿಟ್ಟು ಸಾಕಿದ್ದ, ಬರುವ ಮಳೆಗಾಲಕ್ಕೆ ಮೊದಲ ಹೂ ಬಿಡಬೇಕಾಗಿದ್ದ ಸಸಿಗಳು. ಅವನ ಇಪ್ಪತ್ತು ವರ್ಷದ ಬಾಳೆಲ್ಲ ಸೋಸಿ ಸೋಸಿ ಬಂದು ನಿಂತದ್ದು ಆ ಮಡಿಯಲ್ಲಿ. ಆ ನೂಲು, ಆ ಗಂಟು ಏನೆಂದು ಬಲ್ಲವರು ಜಗತ್ತಿನಲ್ಲಿ ಇಬ್ಬರೇ ಇದ್ದರು. ಒಬ್ಬನು ಈಗ ವಿಭೂತಿ ಹಚ್ಚಿಕೊಂಡು ಗೋಡೆಗೆ ಒರಗಿ ಕೂತಿದ್ದ...

ಇಪ್ಪತ್ತು ವರ್ಷದ ಹಿಂದೆ ಜಗದೇವಪ್ಪ ಸೊಲ್ಲಾಪುರಕ್ಕೆ ಹತ್ತಿ ಮಾರಲು ಹೋದವನು ಅಲ್ಲಿಯ ಒಂದು ಬಂಗಲೆಯ ಕೈತೋಟದ ಮುಂದೆ ಗಾಡಿ ನಿಲ್ಲಿಸಿ, ಎತ್ತುಗಳು ಬೇಸತ್ತು ಮಲಗುವವರೆಗೆ ನಿಂತಿದ್ದನಂತೆ. ಹುಲ್ಲಿನಂಥ ಉದ್ದ ಎಲೆ, ನಡುವೆ ಮೊಳಕಾಲೆತ್ತರದ ಕಾಂಡ, ಅದರ ತುದಿಗೆ ತುತ್ತೂರಿಯಂಥ ಹೂ. ಬೆಳಿಗ್ಗೆ ಅರಳಿದ್ದು ಅಂದೇ ಮುದುಡುತ್ತದೆ, ಮರುದಿನ ಪಕ್ಕದ ಮೊಗ್ಗಿನ ಪಾಳಿ. ಮಾಲಿ ಎರಡು ಬುಡ ಕಿತ್ತು ಒದ್ದೆ ಗೋಣಿಯಲ್ಲಿ ಸುತ್ತಿ ಕೊಟ್ಟ, ಒಂದು ಕೇಸರಿ, ಒಂದು ಹಳದಿ. ಊರಿನಲ್ಲಿ ಅದಕ್ಕೆ ಹೆಸರಿರಲಿಲ್ಲ, 'ಒಂದಿನದ ಹೂ' ಎಂದರು. ಮಾಲೆಗೆ ಬರುವುದಿಲ್ಲ, ಜಡೆಗೆ ನಿಲ್ಲುವುದಿಲ್ಲ, ದನ ತಿನ್ನುವುದಿಲ್ಲ. ಇಂಥದ್ದಕ್ಕೆ ಬಾವಿಯ ಸಿಹಿನೀರು ಹಾಕುವವನ ತಲೆಯ ಬಗ್ಗೆ ಊರು ಒಂದು ತೀರ್ಮಾನಕ್ಕೆ ಬಂದದ್ದರಲ್ಲಿ ಆಶ್ಚರ್ಯವೇನಿಲ್ಲ.

ಹೊತ್ತು ಮೂಡುವ ಮೊದಲೇ ಅವನು ತೋಟದಲ್ಲಿರುತ್ತಿದ್ದ. ಒಂದು ಹೂವಿನ ಪುಡಿಯನ್ನು ಬೆರಳ ತುದಿಗೆ ತೆಗೆದು, ಮದುವೆಯ ಅರಿಸಿನ ಹಚ್ಚುವವನಷ್ಟು ಗಂಭೀರವಾಗಿ ಇನ್ನೊಂದು ಹೂವಿನ ನಡುವಿನ ಕಡ್ಡಿಗೆ ತಾಗಿಸುತ್ತಿದ್ದ. ಯಾವುದಕ್ಕೆ ಯಾವುದನ್ನು ಕೂಡಿಸಿದೆ ಎಂದು ಮೊದಲು ಚೋಪಡಿಯಲ್ಲಿ ಬರೆದಿಟ್ಟ. ಗೆದ್ದಲು ಅದನ್ನು ಓದಿ ಮುಗಿಸಿತು. ಆಮೇಲೆ ನೂಲಿಗೆ ಬಂದ. ಓಣಿಯ ದರ್ಜಿಯ ಹೆಂಡತಿ ಫಕ್ರುನ್ನಿಸಾ ಹೊಲಿಗೆಯಲ್ಲಿ ಉಳಿದ ನೂಲಿನ ತುಂಡುಗಳನ್ನು ಇವನಿಗೆಂದೇ ಒಂದು ಡಬ್ಬಿಯಲ್ಲಿ ತುಂಬಿಡುತ್ತಿದ್ದಳು. ನೂಲಿನ ಬಣ್ಣ ನೋಡಿದರೆ ಸಸಿಯ ತಾಯಿ ಯಾವುದೆಂದು ತಿಳಿಯಬೇಕು, ಗಂಟು ಎಣಿಸಿದರೆ ತಂದೆ ಯಾವುದೆಂದು ತಿಳಿಯಬೇಕು. ಮೂರು ವರ್ಷದ ಹಿಂದೆ ಗೊಬ್ಬೂರಿನಿಂದ ಸೊಸೆಯಾಗಿ ಬಂದ ಸಕ್ಕುಬಾಯಿ ಈ ಲಿಪಿಯನ್ನು ಆರು ತಿಂಗಳಲ್ಲಿ ಕಲಿತಳು. ಮಾವನ ಕೈ ನಡುಗತೊಡಗಿದ ಮೇಲೆ ಗಂಟು ಹಾಕುವ ಕೆಲಸ ಅವಳಿಗೇ ಬಂತು. ತವರಿನಲ್ಲಿ ಯಾರೂ ಅವಳನ್ನು ಏನನ್ನೂ ನಂಬಿ ಕೊಟ್ಟವರಲ್ಲ. ಇಲ್ಲಿ ಒಬ್ಬ ಮನುಷ್ಯ ತನ್ನ ನೆನಪನ್ನೆಲ್ಲ ಅವಳ ಬೆರಳಿಗೆ ಒಪ್ಪಿಸಿದ್ದ.

ಗಂಡ ಅಣ್ಣಾರಾಯ ಇದ್ದಿದ್ದರೆ ಇವತ್ತು ಅವನ ಬಾಯಿಂದ ಹೇಳಿಸಬಹುದಿತ್ತು. ಅವನು ಸಂಕ್ರಾಂತಿ ಮರುದಿನವೇ ಗಡಿ ದಾಟಿ ಸೊಲ್ಲಾಪುರದ ಕಡೆಯ ಹೋರಾಟಗಾರರ ಶಿಬಿರ ಸೇರಿದ್ದ. ಸ್ವಾತಂತ್ರ್ಯ ಬಂದು ವರ್ಷವಾಗುತ್ತ ಬಂದಿತ್ತು. ಆದರೆ ಅದು ಸೊಲ್ಲಾಪುರದವರೆಗೆ ಬಂದು ಅಲ್ಲಿಯೇ ಕೂತಿತ್ತು. ಆಳಂದದ ಕಡೆಗೆ ಇನ್ನೂ ನಿಜಾಮರ ರಾಜ್ಯ, ರಜಾಕಾರರ ತಿರುಗಾಟ. ಅಪ್ಪ ಹೋದ ಖಬರು ತಲುಪಿಸಿದರೆ ಮಗ ಓಡಿ ಬರುತ್ತಾನೆ, ಬಂದರೆ ಹಿಡಿಯುತ್ತಾರೆ ಎಂದು ಯಾರೂ ತಲುಪಿಸಲಿಲ್ಲ. ಹಿರಿಯರ ಗದ್ದುಗೆಗಳಿದ್ದ ಹೊಲ ಕಾವಲಿನವರ ನಾಕಾದಾಚೆ ಇತ್ತು. ಇಪ್ಪತ್ತು ಜನ ಕೂಡಿ ಆ ಕಡೆ ನಡೆದರೆ ಹೆಣ ಹೊತ್ತಿದ್ದಾರೆಂದು ನೋಡುವ ಕಾಲವಲ್ಲ ಅದು. ಅದಕ್ಕೇ ಬಾವಿಯ ತೋಟವನ್ನು ನೋಡಿದ್ದು. ಬಾವಿಯ ಪಡುವಲಲ್ಲಿ ನೀರು ಜಿನುಗುತ್ತದೆ, ತೆಂಕಲಲ್ಲಿ ಕಲ್ಲು. ಉಳಿದದ್ದು ಮೂಡಲ ಮಡಿ.

ಸಕ್ಕುಬಾಯಿ ತಲೆಯ ಮೇಲೆ ಸೆರಗು ಎಳೆದುಕೊಂಡು ಎರಡು ಹೆಜ್ಜೆ ಮುಂದೆ ಬಂದಳು.

"ಅಪ್ಪೋರೆ, ಅದು ಗದ್ದಗಿ ಗುರ್ತಲ್ರಿ. ಗಿಡದ ಗುರ್ತು. ಯಾವ ಗಿಡ ಯಾವುದರ ಮಗು ಅಂತ ಮಾವನೋರು ಹಾಕಸ್ಯಾರ."

ಪಡಸಾಲೆಯಲ್ಲಿ ಯಾರೋ ಕೆಮ್ಮಿದರು. ಮೂಲೆಯಿಂದ ಸುಭದ್ರಾಬಾಯಿ ಎದ್ದು ನಿಂತಳು. ಜಗದೇವಪ್ಪನ ಅಕ್ಕ. ಹದಿನಾರಕ್ಕೆ ಗಂಡನನ್ನು ಕಳೆದುಕೊಂಡು ಬಂದವಳು ನಲವತ್ತು ವರ್ಷದಿಂದ ಈ ಮನೆಯ ಬೀಗದ ಕೈಯನ್ನು ಸೊಂಟದಿಂದ ಇಳಿಸಿರಲಿಲ್ಲ. ತಮ್ಮನ ಹೆಂಡತಿ ಆ ಕೀಲಿಯನ್ನು ಮುಟ್ಟದೆಯೇ ತೀರಿಕೊಂಡಿದ್ದಳು. ಸಕ್ಕುಬಾಯಿಯಂತೂ ಮೂರು ವರ್ಷದಲ್ಲಿ ತನ್ನ ಕೈಯಾರೆ ಒಂದು ಹಿಡಿ ಬೇಳೆಯನ್ನೂ ಅಳೆದುಕೊಂಡವಳಲ್ಲ. ಸಾರಿಗೆ ಉಪ್ಪು ಹೆಚ್ಚಾದರೂ, ಅಣ್ಣಾರಾಯ ಮನೆ ಬಿಟ್ಟು ಹೋದರೂ, ಸುಭದ್ರಾಬಾಯಿಗೆ ತಪ್ಪು ಯಾರದೆಂದು ಹುಡುಕುವ ತ್ರಾಸು ಇರಲಿಲ್ಲ.

"ಸತ್ತವ ಇನ್ನಾ ಎದುರಿಗಿ ಕುಂತಾನ. ಇಕಿಗಿ ಹುಲ್ಲಿಂದು ಚಿಂತಿ," ಎಂದಳು. ದನಿ ಏರಲಿಲ್ಲ, ಏರಿದ್ದರೆ ವಾಸಿಯಿತ್ತು. "ಗಂಡನ್ನ ಮನ್ಯಾಗ ಹಿಡಿದು ಇಟ್ಟುಕೊಳ್ಳಾಕ ಆಗಲಿಲ್ಲ. ಮಾವಗ ಆರಡಿ ಮಣ್ಣರೆ ಬಿಟ್ಟುಕೊಡು. ಒಳಗ ನಡಿ ಬೇ."

ಅಯ್ಯನವರಿಗೂ ಇಕ್ಕಟ್ಟಾಗಿತ್ತು. ಪತ್ರಿ ಏರಿಸಿ ಎತ್ತಿದ ಮಣ್ಣನ್ನು ತಿರುಗಿ ಹಾಕುವಂತಿಲ್ಲ, ಅರ್ಧ ಗಳಿಗೆಯ ಹಿಂದೆ ಕೊಟ್ಟ ಶರಣಪದವಿಯನ್ನು ಕಿತ್ತುಕೊಳ್ಳುವಂತೆಯೂ ಇಲ್ಲ. ಅವರು ಓದಿಕೊಂಡವರು. ತಂಗಿ, ಅವ ಗಿಡಕ್ಕಂತಲೇ ನೆಟ್ಟಿರಬಹುದು, ಆದರೆ ನೆಡಿಸಿದವನು ಯಾರು ಎಂದು ಕೇಳಿದರು. ಕೂತವರೆಲ್ಲ ಶಿವನಿಗೆ ಕೈ ಮುಗಿದರು. ಕುಣಿ ಅಲ್ಲಿಯೇ ಎಂದಾಯಿತು, ಹೊತ್ತು ಮುಳುಗುವುದರೊಳಗೆ ಮಣ್ಣು ಕೊಡಬೇಕೆಂದೂ ಆಯಿತು.

ಸಕ್ಕುಬಾಯಿ ಒಳಗೆ ನಡೆದಳು. ಒಳಗಿನಿಂದ ಹಿತ್ತಲಿಗೆ, ಹಿತ್ತಲಿನಿಂದ ತೋಟದ ದಾರಿಗೆ. ಕೈಯಲ್ಲಿ ಕಳೆ ತೆಗೆಯುವ ಕುರುಪಿ ಇತ್ತು. ಸತ್ತ ಮನೆಯ ಸೊಸೆ ಹಾಡಹಗಲಲ್ಲಿ ಹೀಗೆ ಒಬ್ಬಳೇ ಕೆಸರು ದಾರಿಯಲ್ಲಿ ಓಡುವುದನ್ನು ಕಂಡವರು ಮುಂದೆ ತಿಂಗಳುಗಟ್ಟಲೆ ಹೇಳಿಕೊಂಡರು. ಅವಳ ಎದೆಯಲ್ಲಿ ಆಗ ಇದ್ದದ್ದು ಒಂದೇ ಮಾತು. ಸಲಿಕೆ ಬೀಳುವ ಮೊದಲು ಬುಡಸಹಿತ ಎತ್ತಬೇಕು... ಮೂವತ್ತೆರಡನ್ನೂ ಎತ್ತಬೇಕು.

ಹುಲೆಪ್ಪ ಸಲಿಕೆಗೆ ಗದ್ದ ಊರಿ ನಿಂತಿದ್ದ. ಸಣ್ಣವ್ವಾರ, ನಾ ಏನ್ ಮಾಡ್ಲಿರಿ, ಅಪ್ಪೋರು ಹೇಳ್ಯಾರ ಎಂದು ಗೊಣಗಿದ. ಅವಳು ಮಡಿಯ ತುದಿಯಲ್ಲಿ ಕೂತು ಮೊದಲನೆಯ ಬುಡದ ಸುತ್ತ ಕುರುಪಿ ಇಳಿಸಿದಳು. ಆಷಾಢದ ಮಳೆ ಕುಡಿದ ಎರೆಮಣ್ಣು ಕೈಬಿಡಲು ಒಲ್ಲದು. ಒಂದು ಗಿಡ ಎತ್ತುವಷ್ಟರಲ್ಲಿ ಬೆವರು ಕಣ್ಣಿಗಿಳಿಯಿತು. ಎರಡು... ಮೂರು...

ಅಷ್ಟರಲ್ಲಿ ಹಿಂದಿನಿಂದ ಸುಭದ್ರಾಬಾಯಿ ಬಂದಳು. ಸೊಸೆಯ ರಟ್ಟೆ ಹಿಡಿದು ಎಳೆದುಕೊಂಡು ಹೋಗಲೆಂದೇ ಬಂದಿದ್ದಳು. ಬಂದವಳು ಬೇಲಿಯ ಬಾಯಲ್ಲಿ ನಿಂತುಬಿಟ್ಟಳು.

ಹಗಲು ಹನ್ನೆರಡರ ಹೊತ್ತು. ಬಾವಿಯ ಸುತ್ತಲ ಹಳೆಯ ಗಿಡಗಳೆಲ್ಲ ಹೂ ಬಿಟ್ಟಿದ್ದವು. ಕೇಸರಿ, ಹಳದಿ, ಕಾಸಿದ ತಾಮ್ರದಂಥ ಕೆಂಪು, ಹಳದಿಯ ಗಂಟಲಿಗೆ ಕೆಂಪು ಉಂಗುರ ತೊಟ್ಟದ್ದು. ನೂರಾರು ಹೂ ಬಾಯಿ ತೆರೆದು ನಿಂತಿದ್ದವು. ಇಪ್ಪತ್ತು ವರ್ಷದಲ್ಲಿ ಸುಭದ್ರಾಬಾಯಿ ಈ ತೋಟಕ್ಕೆ ಬಂದದ್ದೆಲ್ಲ ದೀಪ ಹಚ್ಚುವ ಹೊತ್ತಿಗೆ. ಗಂಡ ಸತ್ತವಳು ಮುಂಜಾನೆ ದಾರಿಯಲ್ಲಿ ಎದುರಾಗಬಾರದು. ಬಸವಣ್ಣನವರು ಇಂಥ ಕಟ್ಟಳೆಗಳನ್ನೆಲ್ಲ ಎಂಟುನೂರು ವರ್ಷದ ಹಿಂದೆಯೇ ಎತ್ತಿ ಒಗೆದಿದ್ದರು. ಊರು ಒಂದೊಂದನ್ನೇ ಆರಿಸಿ ತಂದು, ಒರೆಸಿ, ಮತ್ತೆ ಮನೆಯಲ್ಲಿಟ್ಟುಕೊಂಡಿತ್ತು. ಅವಳಾದರೂ ಅದನ್ನು ಯಾರ ಒತ್ತಾಯವೂ ಇಲ್ಲದೆ ಪಾಲಿಸುತ್ತಿದ್ದಳು. ಹೊತ್ತು ಮುಳುಗಿದ ಮೇಲೆ ಕೊಡ ಹೊತ್ತು ಬರುವವಳಿಗೆ ಕಂಡದ್ದು ಮುದುಡಿ ಜೋತುಬಿದ್ದ ಒದ್ದೆ ಅರಿವೆಯಂಥ ಹೂಗಳು ಮಾತ್ರ. ನನ್ನ ತಮ್ಮ ಸತ್ತ ಹೂವಿನ ಬೆಳೆ ತೆಗೀತಾನ ಎಂದು ಅವಳು ಓಣಿಯಲ್ಲಿ ಹೇಳುತ್ತಿದ್ದದ್ದು ಕುಹಕವಲ್ಲ. ಅವಳು ಕಂಡದ್ದೇ ಅಷ್ಟು.

"ಇವು... ಹಿಂಗ ಇರ್ತಾವೇನು?" ಎಂದಳು.

ಸಕ್ಕುಬಾಯಿ ಕುರುಪಿ ಕೆಳಗಿಟ್ಟಳು. ಮಾವ ಆಣೆ ಹಾಕಿಸಿಕೊಂಡಿದ್ದ, ಹೂ ಬಿಡುವ ತನಕ ಅಕ್ಕನಿಗೆ ಹೇಳಬೇಡ ಎಂದು. ಆಣೆ ಮುರಿಯುವುದೋ, ಮಡಿ ಮುರಿಯುವುದೋ? ಅವಳು ಕಣ್ಣೆತ್ತದೆ ಮಣ್ಣಿಗೇ ಹೇಳುವವಳಂತೆ ಹೇಳಿದಳು.

"ಅತ್ತಿ, ಒಮ್ಮೆ ಮಾವನೋರು ನಿಮಗ ತಾಟಿನ್ಯಾಗ ಒಂದು ಹೂ ತಂದು ತೋರ್ಸಿದ್ರಂತ. ಗಂಡ ಇಲ್ಲದಾಕಿ ಮುಂದ ಹೂ ಹಿಡೀತಿ ಏನು ಅಂತ ನೀವು ಅಂಗಳಕ್ಕ ಒಗದ್ರಂತ. ನೆಪ್ಪದ ಏನ್ರಿ?"

ಸುಭದ್ರಾಬಾಯಿಗೆ ನೆನಪಿತ್ತು.

"ಅವತ್ತಿಂದ ಹಿಡದಾರ. ಅಕ್ಕ ಮುಂಜಾನಿ ಬರಂಗಿಲ್ಲ, ಸಂಜೀಕ ಬರ್ತಾಳ. ಅಕಿನ್ನ ಬದಲ್ ಮಾಡಾಕ ನನ್ನ ಕೈಲೆ ಆಗಂಗಿಲ್ಲ, ಹೂವಿನ್ನರೆ ಬದಲ್ ಮಾಡ್ತೇನಿ ಅಂತಿದ್ರು. ದೀಪ ಹಚ್ಚೋತನಕ ಬಾಡದೆ ನಿಲ್ಲೋ ಹೂ ಬೇಕಂತ... ನೀವು ಕೊಡ ಹೊತ್ಕೊಂಡು ಬಂದಾಗ ಅದು ಎದುರಿಗಿ ತೆರದು ನಿಂತಿರಬೇಕಂತ. ದಿನಾ ಸಂಜೀಕ ಕುಂತು ಯಾವುದು ತಡಾಗಿ ಮುಚ್ಚತದ ನೋಡೋದು, ಅದರದೇ ಬೀಜ ಹಿಡಿಯೋದು. ಎರಡು ವರ್ಷದ ಹಿಂದ ಒಂದು ಹಳದಿ ಹೂ ದನ ಮನಿಗಿ ಬರೋತನಕ ನಿಂತಿತ್ತು. ಅವತ್ತು ಸಂತೋಷಕ್ಕ ಉಣಲಿಲ್ಲ. ಅದರ ಮಕ್ಕಳು ಇದರಾಗ ಅದಾವ್ರಿ ಅತ್ತಿ. ಈ ಮಡ್ಯಾಗ."

ಗಾಳಿಗೆ ಹೂಗಳು ತಲೆಯಾಡಿಸಿದವು. ಹುಲೆಪ್ಪ ಮುಖ ತಿರುಗಿಸಿ ಬಾವಿಯೊಳಗೆ ಏನೋ ಬಿದ್ದಿದೆಯೆಂಬಂತೆ ಇಣುಕಿದ. ಬೆಳಗಿನಿಂದ ಒಂದು ಹನಿ ಕಣ್ಣೀರು ಹಾಕದ ಸುಭದ್ರಾಬಾಯಿ, ತಮ್ಮನ ಕೊನೆಯುಸಿರಿಗೆ ಗಂಗಾಜಲ ಬಿಟ್ಟು ಎದ್ದು ಉಗ್ರಾಣದ ಬೀಗ ಸರಿಯಾಗಿದೆಯೇ ಎಂದು ಎಳೆದು ನೋಡಿದ ಸುಭದ್ರಾಬಾಯಿ, ಬೇಲಿಯ ಗೂಟ ಹಿಡಿದು ಮೆಲ್ಲಗೆ ಕುಸಿದಳು. ಅಳು ಬಂದದ್ದು ಬಾಯಿಯಿಂದಲ್ಲ, ಬೆನ್ನಿನಿಂದ. ಇಡೀ ಬೆನ್ನು ಅಲುಗುತ್ತಿತ್ತು. ನಲವತ್ತು ವರ್ಷದಲ್ಲಿ ಆ ಮನೆಯವರು ಯಾರೂ ನೋಡದ ಬೆನ್ನು ಅದು...

ಎಷ್ಟೋ ಹೊತ್ತಿನ ಮೇಲೆ ಎದ್ದಳು. ಸೀರೆಯ ನಿರಿಗೆ ಎತ್ತಿ ಕಚ್ಚೆ ಬಿಗಿದಳು.

"ಹುಲೆಪ್ಪ, ಸಲಿಕಿ ಆ ಕಡಿ ಇಡು. ಎಲಿ ಅಡಕಿ ಹಾಕ್ಕೋ. ಯಾರರೆ ಕೇಳಿದ್ರ ಅಕ್ಕಾರು ಕೂಡ್ರಸ್ಯಾರ ಅನ್ನು," ಎಂದು, ಸೊಸೆಯ ಎದುರು ಕೆಸರಿನಲ್ಲಿ ಕೂತಳು. "ಹೆಂಗ ಎತ್ತಬೇಕು, ತೋರ್ಸು."

ಸಕ್ಕುಬಾಯಿ ತೋರಿಸಿದಳು. ಬೇರು ಶೇಂಗಾದ ಹಾಗೆ ಗೊಂಚಲಾಗಿರುತ್ತದೆ, ಅದು ಕಡಿಯಬಾರದು, ಮಣ್ಣಿನ ಮುದ್ದೆಯೊಂದಿಗೆ ಬರಬೇಕು. ಅಷ್ಟು ಹೇಳುವುದರೊಳಗೆ ಮನೆಯಿಂದ ಕರೆ ಬಂತು. ಮಗ ಇಲ್ಲದ ಕಾರಣ ಅಯ್ಯನವರ ಪಾದ ತೊಳೆದು ಪಾದೋದಕ ತರುವ ಕಾರ್ಯ ಸೊಸೆಯದೇ, ತಡಮಾಡುವಂತಿಲ್ಲ ಎಂದರು. ಅವಳು ಹಿಂದೆ ಹಿಂದೆ ನೋಡುತ್ತ ಓಡಿದಳು. ಬೇರಿನ ಮಾತು ಹೇಳಿದ್ದಳು. ನೂಲಿನ ಮಾತು ಹೇಳಿರಲಿಲ್ಲ. ಹೇಳಬೇಕೆಂದು ತೋಚಲಿಲ್ಲ. ತಾನು ಬಲ್ಲದ್ದನ್ನು ಲೋಕವೂ ಬಲ್ಲದೆಂದುಕೊಳ್ಳುವುದು ಕಲಿತವರೆಲ್ಲ ಮಾಡುವ ತಪ್ಪು.

ಹೆಣ ತೋಟಕ್ಕೆ ಬರುವ ವೇಳೆಗೆ ಕುಣಿ ಸಿದ್ಧವಾಗಿತ್ತು. ಬಾವಿಯ ಬಡಗಲಲ್ಲಿ ಹೊಸದಾಗಿ ಹದಮಾಡಿದ ಪಟ್ಟಿಯಲ್ಲಿ ಮೂವತ್ತೆರಡು ಸಸಿಗಳೂ ಸಾಲು ಹಿಡಿದು ನಿಂತಿದ್ದವು. ಬುಡಕ್ಕೆ ನೀರು ಹಾಕಿತ್ತು. ಒಂದೂ ಬೇರು ಕಡಿದಿರಲಿಲ್ಲ. ಇಷ್ಟು ನೀಟಾಗಿ ಜಗದೇವಪ್ಪನೂ ನೆಟ್ಟವನಲ್ಲ. ಸಕ್ಕುಬಾಯಿ ಸಾಲಿನ ಉದ್ದಕ್ಕೂ ಕಣ್ಣು ಹಾಯಿಸಿದಳು. ಕಡ್ಡಿಗಳಿರಲಿಲ್ಲ. ನೂಲಿರಲಿಲ್ಲ. ಒಂದು ಗಿಡದ ಪಕ್ಕದಲ್ಲೂ ಇರಲಿಲ್ಲ. ಮೂವತ್ತೆರಡೂ ಒಂದೇ ತಾಯಿಯ ಮಕ್ಕಳಂತೆ ಒಂದೇ ಹಸಿರಾಗಿ ನಿಂತಿದ್ದವು.

ಜಗದೇವಪ್ಪನನ್ನು ಇಳಿಸಿ, ಗೂಡಿನಲ್ಲಿ ಕೂರಿಸಿ, ಪತ್ರಿ ತುಂಬಿದರು. ಮುಷ್ಟಿ ಮುಷ್ಟಿ ಮಣ್ಣು ಬಿತ್ತು. ಅಯ್ಯನವರು ಇನ್ನೊಮ್ಮೆ ಶರಣರ ಮಹಿಮೆ ಹೇಳಿದರು. ಬೇಲಿಯಾಚೆ, ಬರಲೋ ಬೇಡವೋ ಎಂದು ನಿಂತು ಅಳುತ್ತಿದ್ದ ಫಕ್ರುನ್ನಿಸಾ ಒಬ್ಬಳೇ ಬಡಗಲ ಪಟ್ಟಿಯ ಕಡೆ ನೋಡಿ ಗಕ್ಕನೆ ಅಳು ನಿಲ್ಲಿಸಿದಳು. ಆಮೇಲೆ ಸಕ್ಕುಬಾಯಿಯ ಮುಖ ನೋಡಿದಳು. ನೂಲು ಕೊಟ್ಟವಳು ತಾನಲ್ಲವೇ. ಏನೋ ಹೇಳಲು ಅವಳ ಬಾಯಿ ತೆರೆದಾಗ ಸಕ್ಕುಬಾಯಿ ಬೇಡವೆಂದು ತಲೆಯಾಡಿಸಿದಳು.

ಜನ ಚದುರಿದ ಮೇಲೆ ಸುಭದ್ರಾಬಾಯಿ ಸೊಸೆಯನ್ನು ಹತ್ತಿರ ಕರೆದಳು. ಮೂರು ವರ್ಷದಲ್ಲಿ ಮೊದಲ ಸಲ ಕೂಗದೆ ಕರೆದದ್ದು. ಸೆರಗಿನ ತುದಿಯಿಂದ ಒಂದು ಉಂಡೆ ತೆಗೆದು ಅವಳ ಅಂಗೈಯಲ್ಲಿಟ್ಟಳು. ಕೆಂಪು, ಹಸಿರು, ನೀಲಿ ನೂಲುಗಳು, ಒಂದರ ಮೇಲೊಂದು ಅಚ್ಚುಕಟ್ಟಾಗಿ ಸುತ್ತಿದ್ದು.

"ಕುಣಿ ಮಗ್ಗಲ ಗಂಟು ಇದ್ರ ಜೀವಕ್ಕ ಬಿಡಗಡಿ ಇಲ್ಲ ಅಂತಾರ," ಎಂದಳು. "ಕತ್ತರಿ ಹಚ್ಚಲಿಲ್ಲ ಸಕ್ಕು. ಹಲ್ಲಿಲೆ ಹರೀಲಿಲ್ಲ. ಒಂದೊಂದು ಗಂಟೂ ಉಗುರಿಲೆ ಬಿಚ್ಚೇನಿ. ಒಂದೂ ಬಿಟ್ಟಿಲ್ಲ. ಜಲ್ಮಾ ಪೂರ್ತಿ ನನ್ನ ಸಲುವಾಗಿ ಕಟಗೊಂಡು ಕುಂತವ... ಹೋಗೋವಾಗರೆ ಹಗುರಾಗಿ ಹೋಗಲಿ."

ಸಕ್ಕುಬಾಯಿ ಅವಳ ಬೆರಳುಗಳನ್ನು ನೋಡಿದಳು. ಎರಡು ಉಗುರು ಮುರಿದು ಸಂದಿಯಲ್ಲಿ ರಕ್ತ ಒಣಗಿತ್ತು. ಯಾವ ಹೂವನ್ನು ಯಾವುದಕ್ಕೆ ಕೂಡಿಸಿದರೆ ಸಂಜೆಯವರೆಗೆ ನಿಲ್ಲುವ ಹೂ ಹುಟ್ಟುತ್ತದೆ ಎಂಬ ದಾರಿ ಇನ್ನು ಯಾರಿಗೂ ತಿಳಿಯದು. ಇದ್ದರೆ ಈ ಮೂವತ್ತೆರಡರಲ್ಲಿ ಒಂದಿಷ್ಟು ಇವೆ, ಹೋದರೆ ಮತ್ತೆ ಹುಟ್ಟಿಸಲಾಗದು. ಒಂದು ಮಾತು ಆಡಿದರೆ ಸಾಕಿತ್ತು. ಮೂರು ವರ್ಷ ತಿಂದ ಬೈಗುಳಕ್ಕೆಲ್ಲ ಉತ್ತರ ಆ ಒಂದೇ ಮಾತಿನಲ್ಲಿ ಸಿಗುತ್ತಿತ್ತು. ಆ ಮಾತು ಕೇಳಿದ ಮೇಲೆ ಈ ಮುದುಕಿ ಬದುಕುತ್ತಿರಲಿಲ್ಲ, ಬದುಕಿದರೂ ಹೂವಿನ ಕಡೆ ಇನ್ನೊಮ್ಮೆ ನೋಡುತ್ತಿರಲಿಲ್ಲ.

"ಚಲೋ ಮಾಡಿದ್ರಿ ಅತ್ತಿ," ಎಂದಳು. ಉಕ್ಕಿದ ಅಳುವನ್ನು ಮಾವನ ಲೆಕ್ಕಕ್ಕೆ ಹಾಕಿ ಅತ್ತಳು, ಮನಸ್ಸು ತುಂಬಿ ಅತ್ತಳು. ಸುಭದ್ರಾಬಾಯಿ ಅವಳ ತಲೆಯ ಮೇಲೆ ಕೈಯಿಟ್ಟಳು. ಮಣ್ಣು ಹತ್ತಿದ ಕೈ, ಹೇಗೆ ಇಡಬೇಕೆಂದು ರೂಢಿಯಿಲ್ಲದೆ ತುಸು ಭಾರವಾಗಿಯೇ ಬಿತ್ತು.

"ಅಲ್ಲ ಸಕ್ಕು, ಇದ್ರಾಗ ಸಂಜಿತನಕ ನಿಲ್ಲೋದು ಯಾವುದು?"

ಸಕ್ಕುಬಾಯಿ ಕಣ್ಣೊರೆಸಿಕೊಂಡಳು. "ಅದು ಗೊತ್ತಾಗಾಕ ಒಂದೇ ದಾರಿ ಅದ್ರಿ. ಬರೋ ಮಳಿಗಾಲಕ್ಕ ಹೂ ಬಿಟ್ಟ ಮ್ಯಾಲ, ಯಾರರೆ ಇಲ್ಲಿ ಮುಂಜಾನಿಂದ ಕುಂತು ನೋಡಬೇಕು."

"ಮುಂಜಾನಿಂದ?"

"ಹೌದ್ರಿ. ಯಾವುದು ಯಾವಾಗ ತೆರೀತದ ನೋಡಬೇಕಲ್ಲ. ಮುಂಜಾನಿಂದ."

ಸುಭದ್ರಾಬಾಯಿ ಊರಿನ ಕಡೆಯ ಹಾದಿಯನ್ನು ನೋಡಿದಳು. ಬೆಳಿಗ್ಗೆ ಎತ್ತು ಹೊಡೆದುಕೊಂಡು, ಬುತ್ತಿ ಹೊತ್ತುಕೊಂಡು, ಊರಿನವರೆಲ್ಲ ಹೊಲಕ್ಕೆ ಹೋಗುವ ಹಾದಿ ಅದೇ.

"ಹಂಗಾರ ಕುಂಡ್ರಾಕ ಒಂದು ಮಣಿ ಮಾಡ್ಸು," ಎಂದಳು. "ನೆಲಾ ಥಂಡಿ ಇರ್ತದ."